ಗಾಳಿಗೊಡ್ಡಿದ ಬದುಕು: ಒಟ್ಟೊ ಲಿಲಿಯೆಂಟಾಲ್

ಆಕಾಶಗಮನದ ಹಂಬಲ ಮನುಷ್ಯಕುಲದಷ್ಟೇ ಪುರಾತನವಾದುದು. ನಮ್ಮ ಪುರಾಣಗಳ ಪುಷ್ಪಕವಿಮಾನ, ಗ್ರೀಕರ ಇಕಾರಸನ ಮೇಣದ ರೆಕ್ಕೆ ಇವೆಲ್ಲ ಆ ಹಂಬಲದ ಕುರುಹುಗಳೇ. ಕಲ್ಪನೆಯಲ್ಲಿ ಹಾರಿದವರು ಅಸಂಖ್ಯರು. ಗೋಪುರಗಳಿಂದ ಹಾರಿ ಕೈಕಾಲು ಮುರಿದುಕೊಂಡವರೂ ಕಡಮೆಯಲ್ಲ. ಆದರೆ ಗುಡ್ಡದ ನೆತ್ತಿಯಿಂದ ಎದುರುಗಾಳಿಗೆ ಓಡಿ, ತಾನೇ ಕಟ್ಟಿದ ರೆಕ್ಕೆಗಳ ಮೇಲೆ ತೇಲಿ, ಸುರಕ್ಷಿತವಾಗಿ ನೆಲಕ್ಕಿಳಿದು, ಮತ್ತೆ ಗುಡ್ಡವನ್ನೇರಿ, ಹೀಗೆ ಸುಮಾರು ಎರಡು ಸಾವಿರ ಸಲ ಹಾರಿ, ಹಾರಿದ್ದನ್ನೆಲ್ಲ ಅಳೆದು ಬರೆದು ಲೋಕಕ್ಕೆ ಒಪ್ಪಿಸಿದ ಮೊದಲಿಗನೆಂದರೆ ಜರ್ಮನಿಯ ಎಂಜಿನಿಯರ್ ಒಟ್ಟೊ ಲಿಲಿಯೆಂಟಾಲ್. ಅವನು ಹಾರಿದ ಕಥೆ ಪಾಠಪುಸ್ತಕಗಳಲ್ಲಿ ಒಂದೆರಡು ವಾಕ್ಯಗಳಲ್ಲಾದರೂ ಬರುತ್ತದೆ. ಅವನು ಬಿದ್ದ ಕಥೆ ಬರುವುದಿಲ್ಲ. ಅವನ ಬೀಳುಗಳಲ್ಲಿ ಎರಡು ಸ್ಮರಣೀಯವಾದವು. ಒಂದರಲ್ಲಿ ಅವನು ಎದ್ದು ನಿಂತನು, ಇನ್ನೊಂದರಲ್ಲಿ ಏಳಲಿಲ್ಲ. ವಿಮಾನದ ಚರಿತ್ರೆಯನ್ನು ಬರೆಯುವವರು ಹಾರಾಟಕ್ಕೆ ಕೊಡುವ ಗಮನವನ್ನು ಈ ಎರಡು ಬೀಳುಗಳಿಗೂ ಕೊಟ್ಟಿದ್ದರೆ, ಆಮೇಲೆ ಸತ್ತ ಎಷ್ಟೋ ಜನ ತರುಣರು ಬದುಕುತ್ತಿದ್ದರೋ ಏನೋ.

ಲಿಲಿಯೆಂಟಾಲ್ ಜನಿಸಿದ್ದು 1848ರ ಮೇ 23ರಂದು, ಆಗಿನ ಪ್ರಷ್ಯಾ ರಾಜ್ಯದ ಪೊಮೆರೇನಿಯಾ ಪ್ರಾಂತದ ಆಂಕ್ಲಾಮ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ಬಟ್ಟೆಯ ವ್ಯಾಪಾರಿ. ತಾಯಿ ಕ್ಯಾರೊಲಿನ್ ಸಂಗೀತ ಕಲಿತವಳು. ಹುಟ್ಟಿದ ಎಂಟು ಮಕ್ಕಳಲ್ಲಿ ಉಳಿದು ಬೆಳೆದವರು ಮೂವರೇ: ಒಟ್ಟೊ, ಅವನಿಗಿಂತ ಒಂದು ವರ್ಷಕ್ಕೆ ಕಿರಿಯನಾದ ಗುಸ್ಟಾವ್ ಮತ್ತು ತಂಗಿ ಮಾರಿ. ತಂದೆಯ ವ್ಯಾಪಾರ ನೆಲಕಚ್ಚಿತು. ಸಂಸಾರಸಮೇತ ಅಮೆರಿಕಕ್ಕೆ ಹೋಗಿಬಿಡುವ ಆಲೋಚನೆಯಲ್ಲಿದ್ದಾಗಲೇ, 1861ರಲ್ಲಿ, ಅವನು ತೀರಿಕೊಂಡನು. ಆಗ ಒಟ್ಟೊನಿಗೆ ಹದಿಮೂರರ ಹರೆಯ. ವಿಧವೆಯಾದ ತಾಯಿ ಮಕ್ಕಳನ್ನು ಓದಿಸುವ ಹಟ ಬಿಡಲಿಲ್ಲ. ಹುಡುಗರ ಹುಚ್ಚು ಪ್ರಯೋಗಗಳಿಗೂ ಅಡ್ಡಿಬರಲಿಲ್ಲ.

ಆ ಪ್ರಯೋಗಗಳಿಗೆ ಗುರುಗಳಾದವು ಕೊಕ್ಕರೆಗಳು. ಆಂಕ್ಲಾಮಿನ ಸುತ್ತಲ ಜೌಗು ಹುಲ್ಲುಗಾವಲುಗಳಲ್ಲಿ ಬಿಳಿಯ ಕೊಕ್ಕರೆಗಳು ಹೇರಳವಾಗಿದ್ದವು. ಅವು ನೆಲದಿಂದ ಏಳುವಾಗ ಯಾವಾಗಲೂ ಗಾಳಿಗೆ ಮುಖಮಾಡಿ ಓಡುತ್ತವೆ ಎಂಬುದನ್ನು ಹುಡುಗರು ಕಂಡುಕೊಂಡರು. ತೆಳುಹಲಗೆಯ ರೆಕ್ಕೆಗಳನ್ನು ಕೈಗೆ ಕಟ್ಟಿಕೊಂಡು ಇಬ್ಬರೂ ದಿಬ್ಬಗಳಿಂದ ಓಡಿದರು. ಸಹಪಾಠಿಗಳ ಅಪಹಾಸ್ಯಕ್ಕೆ ಅಂಜಿ ಈ ಸಾಹಸವನ್ನು ರಾತ್ರಿಯ ಹೊತ್ತು ನಡೆಸುತ್ತಿದ್ದರಂತೆ. ರೆಕ್ಕೆಗಳೇನೋ ಮೇಲೆತ್ತಲಿಲ್ಲ, ಆದರೆ ಹಾರಬೇಕಾದವನು ಗಾಳಿಯನ್ನು ಬೆನ್ನಿಗಲ್ಲ, ಎದೆಗೆ ತೆಗೆದುಕೊಳ್ಳಬೇಕೆಂಬ ತಿಳಿವಳಿಕೆ ಅಲ್ಲಿಯೇ ಬಂದಿತು.

ಪಾಟ್ಸ್‌ಡಾಮಿನ ತಾಂತ್ರಿಕ ಶಾಲೆಯಲ್ಲಿ ಓದಿ, ಬರ್ಲಿನ್ನಿನ ಶ್ವಾರ್ಟ್ಸ್‌ಕಾಪ್ಫ್ ಯಂತ್ರಾಗಾರದಲ್ಲಿ ಕೈಗೆ ಮಸಿ ಹತ್ತಿಸಿಕೊಂಡು, 1867ರಲ್ಲಿ ಅವನು ಆ ನಗರದ ತಾಂತ್ರಿಕ ಅಕಾಡೆಮಿಯನ್ನು ಸೇರಿದನು. 1870ರಲ್ಲಿ ಫ್ರಾನ್ಸಿನೊಡನೆ ಯುದ್ಧ ಹೊತ್ತಿಕೊಂಡಾಗ ಸ್ವಯಂಸೇವಕನಾಗಿ ಹೋಗಿ ಪ್ಯಾರಿಸ್ಸಿನ ಮುತ್ತಿಗೆಯನ್ನು ಕಣ್ಣಾರೆ ಕಂಡನು. ಹಿಂತಿರುಗಿದ ಮರುವರ್ಷವೇ ತಾಯಿ ತೀರಿಕೊಂಡಳು. ಅನಂತರ ಹತ್ತು ವರ್ಷಗಳ ಉದ್ಯೋಗ, ಗಣಿಗಳಿಗೆ ಬೇಕಾದ ಯಂತ್ರದ ಪೇಟೆಂಟು, ಆ ಸಂಬಂಧವಾಗಿ ಸ್ಯಾಕ್ಸನಿಯ ಕಲ್ಲಿದ್ದಲ ಸೀಮೆಯಲ್ಲಿ ತಿರುಗಾಟ. ಅಲ್ಲಿಯೇ ಗಣಿಗಾರನೊಬ್ಬನ ಮಗಳಾದ ಆಗ್ನೆಸ್ ಫಿಷರಳ ಪರಿಚಯವಾಗಿ 1878ರಲ್ಲಿ ಅವಳನ್ನು ವಿವಾಹವಾದನು. ನಾಲ್ವರು ಮಕ್ಕಳಾದರು.

ಅವನಿಗೆ ಅನ್ನ ಕೊಟ್ಟದ್ದು ರೆಕ್ಕೆಯಲ್ಲ, ಬಾಯ್ಲರು. ಆ ಬಾಯ್ಲರಿನ ಮಾತನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಮುಂದೆ ಬರುವ ಮರದ ಬಿಲ್ಲಿನ ಬೀಜ ಅದರಲ್ಲಿಯೇ ಇದೆ. ಆ ಕಾಲದ ಉಗಿಯಂತ್ರಗಳಲ್ಲಿ ದೊಡ್ಡ ಹಂಡೆಯಂಥ ಪಾತ್ರೆಯೊಂದರಲ್ಲಿ ಅಪಾರ ನೀರನ್ನು ಒತ್ತಡದಲ್ಲಿ ಕಾಯಿಸುತ್ತಿದ್ದರು. ಆ ಪಾತ್ರೆ ಎಲ್ಲಾದರೂ ಬಿರಿದರೆ ಒಳಗಿನ ನೀರೆಲ್ಲ ಒಮ್ಮೆಲೇ ಉಗಿಯಾಗಿ ಸಿಡಿದು ಕಟ್ಟಡವನ್ನೇ ಎತ್ತಿ ಎಸೆಯುತ್ತಿತ್ತು. ಲಿಲಿಯೆಂಟಾಲ್ ಹಾವಿನಂತೆ ಸುರುಳಿಸುತ್ತಿದ ಸಣ್ಣ ಕೊಳವೆಗಳ ಬಾಯ್ಲರನ್ನು ರೂಪಿಸಿದನು. ಅದರಲ್ಲಿ ಒಂದು ಕ್ಷಣದಲ್ಲಿ ಇರುವ ನೀರೇ ಅತ್ಯಲ್ಪ. ಕೊಳವೆ ಬಿರಿಯುವುದೇ ಇಲ್ಲವೆಂದು ಅವನು ಹೇಳಲಿಲ್ಲ. ಬಿರಿದರೂ ಮನುಷ್ಯ ಸಾಯುವುದಿಲ್ಲ ಎಂಬುದಷ್ಟೇ ಅವನ ಭರವಸೆ. ಯಂತ್ರ ಕೆಡುವುದು ಸಹಜ. ಕೆಡುವ ಗಳಿಗೆಯಲ್ಲಿ ಅದು ಮನುಷ್ಯನನ್ನು ಉಳಿಸುವಂತೆ ಕೆಡಬೇಕು. ಈ ದೃಷ್ಟಿ ಆ ಕಾಲಕ್ಕೆ ಹೊಸದು. ಸಣ್ಣ ಕಸಬುದಾರರಿಗೆ ಈ ನಿರಪಾಯದ ಬಾಯ್ಲರು ಒಗ್ಗಿತು. ಬರ್ಲಿನ್ನಿನಲ್ಲಿ ಸ್ವಂತ ಕಾರ್ಖಾನೆ ಎದ್ದಿತು.

ಆ ಕಾರ್ಖಾನೆಯ ಒಡೆಯನಾಗಿ ಅವನು ನಡೆದುಕೊಂಡ ರೀತಿಯೂ ಗಮನಾರ್ಹ. 1890ರಲ್ಲಿ ಲಾಭದ ಶೇಕಡಾ 25ರಷ್ಟನ್ನು ಕಾರ್ಮಿಕರಿಗೆ ಹಂಚುವ ಪದ್ಧತಿಯನ್ನು ಜಾರಿಗೆ ತಂದನು. ಬಡವರಿಗೂ ನಾಟಕ ನೋಡಲು ದೊರೆಯಲೆಂದು ಪೂರ್ವ ಬರ್ಲಿನ್ನಿನ ರಂಗಮಂದಿರವೊಂದರ ಆಡಳಿತದಲ್ಲಿ ಕೈಜೋಡಿಸಿ ಅಗ್ಗದ ಟಿಕೆಟ್ಟುಗಳನ್ನು ಮಾಡಿಸಿದನು. ಕಾಲದ ಸುಲಿಗೆಕೋರರನ್ನು ಕುರಿತು ತಾನೇ ಒಂದು ನಾಟಕ ಬರೆದನು, ರಂಗದ ಮೇಲೆ ತಾನೇ ಪಾತ್ರವನ್ನೂ ವಹಿಸಿದನು. ಕಾಯಕ, ದಾಸೋಹ ಎಂಬ ಮಾತುಗಳನ್ನು ಕೇಳಿರದ ನಾಡಿನಲ್ಲಿ ಅವುಗಳ ನೆರಳು ಹೀಗೆ ಬಿದ್ದುದನ್ನು ಕಂಡರೆ ನಮ್ಮ ಓದುಗರಿಗೆ ಸಂತೋಷವಾಗದಿರದು. ಮನುಷ್ಯರೆಲ್ಲ ಹಾರುವಂತಾದರೆ ದೇಶದೇಶಗಳ ಗಡಿಗಳು ಅರ್ಥ ಕಳೆದುಕೊಂಡು ಯುದ್ಧಗಳು ನಿಲ್ಲುವುವೆಂದು ಅವನು 1894ರಲ್ಲಿ ಸಮಾಜಸುಧಾರಕ ಮಿತ್ರನಾದ ಮೊರಿಟ್ಸ್ ಫಾನ್ ಎಗಿಡಿಗೆ ಕಾಗದ ಬರೆದನು. ಈ ಒಂದು ವಿಷಯದಲ್ಲಿ ಅವನ ಲೆಕ್ಕ ಪೂರ್ತಿಯಾಗಿ ತಪ್ಪಿತು.

ಇತರ ಲೆಕ್ಕಗಳು ತಪ್ಪಲಿಲ್ಲ. ಗುಸ್ಟಾವನೊಡನೆ ಸೇರಿ ಅವನು ಸುತ್ತುವ ತೋಳಿನ ಯಂತ್ರವೊಂದನ್ನು ಕಟ್ಟಿ, ಅದರ ತುದಿಗೆ ಬಗೆಬಗೆಯ ರೆಕ್ಕೆಯ ತುಣುಕುಗಳನ್ನು ಸಿಕ್ಕಿಸಿ ತಿರುಗಿಸಿ, ಗಾಳಿ ಅವನ್ನು ಎಷ್ಟು ಎತ್ತುತ್ತದೆ, ಎಷ್ಟು ತಡೆಯುತ್ತದೆ ಎಂಬುದನ್ನು ವರ್ಷಗಟ್ಟಲೆ ಅಳೆದನು. ಚಪ್ಪಟೆ ಹಲಗೆಗಿಂತ ಹಕ್ಕಿಯ ರೆಕ್ಕೆಯಂತೆ ಮೇಲುಬ್ಬಿದ ಬಾಗು ರೆಕ್ಕೆ ಬಹಳ ಹೆಚ್ಚು ಎತ್ತುವ ಬಲವನ್ನು ಕೊಡುತ್ತದೆಂಬ ಸಂಗತಿ ಅಂಕಿಗಳಲ್ಲಿ ಸಿದ್ಧವಾಯಿತು. 1889ರಲ್ಲಿ, ತನ್ನ 41ನೆಯ ವಯಸ್ಸಿನಲ್ಲಿ, ಹಕ್ಕಿಯ ಹಾರಾಟವೇ ಹಾರುವ ವಿದ್ಯೆಗೆ ಬುನಾದಿ ಎಂಬ ಅರ್ಥದ ಹೆಸರಿನ ಗ್ರಂಥವನ್ನು ಪ್ರಕಟಿಸಿದನು. ಇಂದು ವಾಯುಚಲನಶಾಸ್ತ್ರದ ಮೂಲಗ್ರಂಥಗಳಲ್ಲಿ ಅದೂ ಒಂದು.

ಗ್ರಂಥ ಬರೆದು ಸುಮ್ಮನಾಗುವ ಜಾಯಮಾನ ಅವನದಲ್ಲ. 1891ರಲ್ಲಿ ಪಾಟ್ಸ್‌ಡಾಮಿನ ಪಶ್ಚಿಮಕ್ಕಿರುವ ಡೆರ್ವಿಟ್ಸ್ ಹಳ್ಳಿಯ ಬಳಿಯ ದಿಬ್ಬದಿಂದ ಓಡಿ ಸುಮಾರು 25 ಮೀಟರು ದೂರ ಗಾಳಿಯಲ್ಲಿ ತೇಲಿದನು. 1893ರ ವೇಳೆಗೆ ರೀನೋ ಗುಡ್ಡಗಳಲ್ಲಿ ಆ ದೂರ 250 ಮೀಟರಿನವರೆಗೂ ಬೆಳೆಯಿತು. ಮರುವರ್ಷ ಬರ್ಲಿನ್ನಿನ ಲಿಖ್ಟರ್‌ಫೆಲ್ಡೆಯಲ್ಲಿ ತನ್ನ ಖರ್ಚಿನಿಂದ 15 ಮೀಟರು ಎತ್ತರದ ಕೃತಕ ಗುಡ್ಡವೊಂದನ್ನೇ ಹಾಕಿಸಿದನು. ಶಂಖುವಿನಂತಿದ್ದ ಅದರ ಮೇಲಿಂದ ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಎದುರುಗೊಂಡು ಹಾರಬಹುದಾಗಿತ್ತು. ಬರ್ಲಿನ್ನಿನ ಜನ ಅಲ್ಲಿಗೆ ಜಾತ್ರೆಗೆ ಬರುವಂತೆ ಬರತೊಡಗಿದರು.

ಅವನ ಗ್ಲೈಡರು ನೋಡಲು ಬಾವಲಿಯ ರೆಕ್ಕೆಯಂತಿತ್ತು. ನಮ್ಮ ಬೆತ್ತದಂತೆ ಬಳುಕುವ ವಿಲೋ ಮರದ ಕಡ್ಡಿಗಳ ಹಂದರ, ಅದರ ಮೇಲೆ ಬಿಗಿದ ಹತ್ತಿಬಟ್ಟೆ. ಎರಡು ರೆಕ್ಕೆಗಳ ತುದಿಯಿಂದ ತುದಿಗೆ 6.7 ಮೀಟರು, ಒಟ್ಟು ಹರವು ಸುಮಾರು 13 ಚದರ ಮೀಟರು, ತೂಕ 20 ಕಿಲೋಗ್ರಾಂ ಮಾತ್ರ. ನಡುವಿನ ತೆರವಿನಲ್ಲಿ ಮನುಷ್ಯನು ನಿಂತು, ಮುಂದೋಳುಗಳನ್ನು ಚೌಕಟ್ಟಿನ ಮೆತ್ತೆಗಳಲ್ಲಿ ಊರಿ, ಸೊಂಟದಿಂದ ಕೆಳಗಿನ ದೇಹವನ್ನು ಇಳಿಬಿಟ್ಟು ಹಾರಬೇಕು. ಚುಕ್ಕಾಣಿಯೆಂಬುದು ಕೈಯಲ್ಲಿಲ್ಲ. ಕಾಲುಗಳನ್ನು ಮುಂದಕ್ಕೆ, ಹಿಂದಕ್ಕೆ, ಎಡಬಲಕ್ಕೆ ಬೀಸಿ ಗುರುತ್ವಕೇಂದ್ರವನ್ನು ಸರಿಸುವುದೇ ನಿಯಂತ್ರಣದ ಏಕೈಕ ಉಪಾಯ. ಭುಜಗಳು ಚೌಕಟ್ಟಿಗೆ ಕಟ್ಟುಬಿದ್ದಿರುವುದರಿಂದ ಸರಿಸಲು ಸಿಗುತ್ತಿದ್ದುದು ಅರ್ಧ ದೇಹವಷ್ಟೇ. ಆಮೇಲೆ ಬಂದ ಹ್ಯಾಂಗ್ ಗ್ಲೈಡರುಗಳಲ್ಲಿ ಚಾಲಕನು ರೆಕ್ಕೆಯ ಕೆಳಗೆ ಪಟ್ಟಿಯಿಂದ ಪೂರ್ತಿಯಾಗಿ ತೂಗಾಡುತ್ತಾನಾದ್ದರಿಂದ ಇಡೀ ಶರೀರದ ತೂಕವನ್ನು ಸರಿಸಬಲ್ಲನು. ಲಿಲಿಯೆಂಟಾಲನಿಗೆ ಆ ಅನುಕೂಲವಿರಲಿಲ್ಲ. ಸರಿಯಾಗಿ ಇಳಿದರೆ ಅವನ ಕಾಲುಗಳೇ ಅವನ ಗಾಲಿಗಳು; ತಲೆಕೆಳಗಾದರೆ ಅವನಿಗೂ ಭೂಮಿಗೂ ನಡುವೆ ಏನೂ ಇರಲಿಲ್ಲ.

ಏನೂ ಇಲ್ಲವೆಂಬುದನ್ನು ಮೊದಲು ಗಮನಿಸಿದವನೂ ಅವನೇ. 1894ರಲ್ಲಿ ಗ್ಲೈಡರಿನ ಮೂತಿಗೆ ವಿಲೋ ಕಡ್ಡಿಯನ್ನು ಬಿಲ್ಲಿನಂತೆ ಬಾಗಿಸಿ ಕಟ್ಟಿದನು. ಜರ್ಮನ್ ಭಾಷೆಯಲ್ಲಿ ಅದನ್ನು ಪ್ರೆಲ್‌ಬ್ಯೂಗೆಲ್ ಎಂದು ಕರೆದರು. ಹೊಡೆತ ತಡೆಯುವ ಬಿಲ್ಲು ಎಂದು ಅರ್ಥ ಮಾಡಬಹುದು. ಅದನ್ನು ಕಟ್ಟಿ ಹಾರಿದ ಮೊದಲ ಸಲವೇ ಅದರ ಪರೀಕ್ಷೆಯೂ ಆಗಿಹೋಯಿತು. ಸುಮಾರು 20 ಮೀಟರು ಎತ್ತರದಲ್ಲಿ ವೇಗವಾಗಿ ಸಾಗುತ್ತಿದ್ದಾಗ ದಣಿದ ತೋಳುಗಳು ನೀಡಿಕೊಂಡು ಮೈಭಾರ ಹಿಂದಕ್ಕೆ ಸರಿಯಿತು. ಮುಂದಕ್ಕೆ ಎಳೆದುಕೊಳ್ಳಲು ಬಲ ಸಾಲಲಿಲ್ಲ. ಗ್ಲೈಡರು ಮೂತಿಯೆತ್ತಿ ನೆಟ್ಟಗೆ ಮೇಲಕ್ಕೆ ನುಗ್ಗಿ, ವೇಗ ಕಳೆದು ನಿಂತು, ಹಿಂದಕ್ಕೆ ಜಾರಿ, ಗಿರಕಿ ಹೊಡೆದು, ತಲೆ ಕೆಳಗಾಗಿ ನೆಲಕ್ಕೆ ಧಾವಿಸಿತು. ಅವನು ಎಚ್ಚರ ತಪ್ಪದೆ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡೇ ಹುಲ್ಲಿನ ಮೇಲೆ ಅಪ್ಪಳಿಸಿದನು. ತಲೆಯ ಎಡಭಾಗದಲ್ಲಿ ಗಾಯ, ಎಡಗೈ ಉಳುಕು, ಅಷ್ಟೇ. ಗ್ಲೈಡರಿಗೆ ಪೆಟ್ಟೇ ಇಲ್ಲ. ಬಿಲ್ಲು ಮಾತ್ರ ಚೂರುಚೂರಾಗಿ, ಒಂದಡಿಯಷ್ಟು ನೆಲದೊಳಕ್ಕೆ ನಾಟಿಕೊಂಡಿತ್ತು, ಕೀಳುವುದೇ ಪ್ರಯಾಸವಾಯಿತು. ಈ ಅಪಘಾತವನ್ನು ಅವನು ಮುಚ್ಚಿಡಲಿಲ್ಲ. ತನ್ನ ತಪ್ಪು, ತನ್ನ ದಣಿವು, ಬಿಲ್ಲು ಮಾಡಿದ ಉಪಕಾರ ಎಲ್ಲವನ್ನೂ ಲೇಖನವಾಗಿ ಬರೆದು ಪ್ರಕಟಿಸಿದನು. ಸ್ವಂತ ಬೀಳನ್ನು ಇಷ್ಟು ನಿರ್ವಿಕಾರವಾಗಿ ಪರಿಶೀಲಿಸಿದ ಹಾರಾಟಗಾರ ಅವನಿಗೆ ಮುಂಚೆ ಇರಲಿಲ್ಲವೆಂದೇ ಹೇಳಬೇಕು.

ಒಂದು ಕಡ್ಡಿ ಮನುಷ್ಯನನ್ನು ಹೇಗೆ ಉಳಿಸಿತು? ಮರದಿಂದ ಬೀಳುವ ತೆಂಗಿನಕಾಯಿಯನ್ನು ನೆನೆದರೆ ಸಾಕು. ಕಲ್ಲುಚಪ್ಪಡಿಯ ಮೇಲೆ ಬಿದ್ದರೆ ಒಡೆಯುತ್ತದೆ, ಹುಲ್ಲಿನ ಬಣವೆಯ ಮೇಲೆ ಬಿದ್ದರೆ ಒಡೆಯುವುದಿಲ್ಲ. ಬಿದ್ದ ಎತ್ತರ ಒಂದೇ, ನೆಲ ಮುಟ್ಟುವಾಗಿನ ವೇಗವೂ ಒಂದೇ. ನಿಲ್ಲಲು ಸಿಕ್ಕಿದ ದೂರ ಮಾತ್ರ ಬೇರೆ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, 15 ಮೀಟರು ಎತ್ತರದಿಂದ ಬಿದ್ದ ದೇಹ ಗಂಟೆಗೆ 60 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೆಲ ಮುಟ್ಟುತ್ತದೆ. ಅದು 5 ಸೆಂಟಿಮೀಟರಿನೊಳಗೆ ನಿಂತರೆ ಮೈಮೇಲೆ ಬೀಳುವ ಸರಾಸರಿ ಬಲ ಸ್ವಂತ ತೂಕದ ಸುಮಾರು 300 ಪಟ್ಟು. ಅರ್ಧ ಮೀಟರಿನಲ್ಲಿ ನಿಂತರೆ 30 ಪಟ್ಟು. ಮೊದಲನೆಯದು ಮರಣ, ಎರಡನೆಯದರಲ್ಲಿ ಬದುಕುವ ಅವಕಾಶವಿದೆ. ಬಿಲ್ಲು ಬಾಗಿದಷ್ಟೂ, ಸಿಗಿದಷ್ಟೂ, ಮಣ್ಣಿನಲ್ಲಿ ನಾಟಿದಷ್ಟೂ ನಿಲ್ಲುವ ದೂರ ಉದ್ದವಾಯಿತು. ಮನುಷ್ಯನ ಬದಲು ತಾನು ಮುರಿಯಿತು. ಸುರುಳಿಕೊಳವೆಯ ಬಾಯ್ಲರಿನ ತತ್ತ್ವವೇ ಇಲ್ಲಿ ಮರದಲ್ಲಿ ಮೂಡಿತ್ತು.

ಈ ಗ್ಲೈಡರನ್ನು ಅವನು ಮಾರಾಟಕ್ಕೂ ಇಟ್ಟನು. ಒಂದೇ ಮಾದರಿಯ ಹಾರುವ ಯಂತ್ರಗಳನ್ನು ಸಾಲಾಗಿ ತಯಾರಿಸಿ ಮಾರಿದುದರಲ್ಲಿ ಇದೇ ಮೊದಲು. ರಷ್ಯದ ವಿಜ್ಞಾನಿ ಜುಕೋವ್‌ಸ್ಕಿ, ಅಮೆರಿಕದ ಪತ್ರಿಕೋದ್ಯಮಿ ಹರ್ಸ್ಟ್, ಬ್ರಿಟನ್ನಿನ ಪರ್ಸಿ ಪಿಲ್ಚರ್ ಕೊಂಡವರಲ್ಲಿ ಸೇರಿದ್ದರು. ಮೋಟಾರ್ ಸೈಕಲ್ ತಯಾರಕನಾಗಿದ್ದ ಮ್ಯೂನಿಕ್ಕಿನ ಅಲೋಯಿಸ್ ವೋಲ್ಫ್‌ಮ್ಯುಲರನೂ ಒಬ್ಬ ಗಿರಾಕಿ. ಗಾಳಿಯೊಡನೆ ಹುಷಾರಾಗಿರಬೇಕೆಂದೂ, ಮುರಿದುಕೊಳ್ಳಲು ಮನುಷ್ಯನಿಗಿರುವುದು ಒಂದೇ ಕುತ್ತಿಗೆ ಎಂಬುದನ್ನು ಮರೆಯಬಾರದೆಂದೂ ಲಿಲಿಯೆಂಟಾಲ್ ಅವನಿಗೆ ಪತ್ರದಲ್ಲಿ ಎಚ್ಚರಿಸಿದ್ದನು.

1896ರ ಆಗಸ್ಟ್ 9, ಭಾನುವಾರ. ರೀನೋ ಗುಡ್ಡಗಳ ಸಾಲಿನಲ್ಲಿ ಸ್ಟಲ್ನ್ ಹಳ್ಳಿಯ ಬಳಿಯ ಗೊಲೆನ್‌ಬೆರ್ಗ್ ಎಂಬ ಗುಡ್ಡ. ಬೇಸಗೆಯ ಪ್ರಖರವಾದ ಬಿಸಿಲು. ಸಹಾಯಕ್ಕೆ ಅವನ ಯಂತ್ರಕುಶಲಿ ಪೌಲ್ ಬೈಲಿಖ್ ಇದ್ದನು. ಮೊದಲಿನ ಹಾರಾಟಗಳು ನಿರಾಯಾಸವಾಗಿ ನಡೆದವು. ಗ್ಲೈಡರು 250 ಮೀಟರಿನಷ್ಟು ದೂರ ಸಾಗಿತು. ಅಂದಿನ ಗ್ಲೈಡರಿನ ಮೂತಿಯಲ್ಲಿ ಆ ವಿಲೋ ಬಿಲ್ಲು ಇರಲಿಲ್ಲ. ಎರಡು ಸಾವಿರ ಸಲ ಸುರಕ್ಷಿತವಾಗಿ ಇಳಿದವನಿಗೆ ನೆಲದ ಭಯ ಕರಗಿದ್ದರೆ ಅಚ್ಚರಿಯಿಲ್ಲ. ಮರಕುಟಿಕನಿಗೆ ಕೊಡಲಿಯ ಭಯ, ಬೆಸ್ತನಿಗೆ ಮಡುವಿನ ಭಯ ಇರದಂತೆಯೇ ಇದು. ಮುಂದಿನ ಹಾರಾಟದಲ್ಲಿ, ಬಿಸಿಲಿಗೆ ಕಾದ ನೆಲದಿಂದ ಮೇಲೆದ್ದ ಗಾಳಿಯ ಅಲೆಯೊಂದು ಗ್ಲೈಡರನ್ನು ಎತ್ತಿ ಹಿಡಿದು ಗಾಳಿಯಲ್ಲಿ ನಿಲ್ಲಿಸಿತು. ಅವನು ಕಾಲುಗಳನ್ನು ಮುಂದಕ್ಕೆ ಚಾಚಿ ಸಮತೋಲ ತರಲು ಹೆಣಗಿದನು. ರೆಕ್ಕೆ ತನ್ನ ಎತ್ತುವ ಬಲವನ್ನು ಕಳೆದುಕೊಂಡು, ಗ್ಲೈಡರು ಮೂತಿ ಕೆಳಗಾಗಿ ಸುಮಾರು 15 ಮೀಟರು ಎತ್ತರದಿಂದ ಬಿದ್ದಿತು.

ಬೈಲಿಖ್ ಓಡಿಬಂದಾಗ ಅವನಿಗೆ ಪ್ರಜ್ಞೆಯಿತ್ತು. ತನಗೆ ಹೆಚ್ಚೇನೂ ಆಗಿಲ್ಲವೆಂದು, ಸ್ವಲ್ಪ ಹೊತ್ತು ಮಲಗಿ ವಿಶ್ರಮಿಸಿದರೆ ಮತ್ತೆ ಹಾರಬಹುದೆಂದು ಅವನು ಭಾವಿಸಿದ್ದನಂತೆ. ಕುದುರೆಗಾಡಿಯಲ್ಲಿ ಸ್ಟಲ್ನ್ ಹಳ್ಳಿಗೆ ಕೊಂಡೊಯ್ದು ವೈದ್ಯರಿಗೆ ತೋರಿಸಿದರು. ಕತ್ತಿನ ಮೂರನೆಯ ಮಣಿಮೂಳೆ ಮುರಿದಿತ್ತು. ಬೇಗನೆ ಎಚ್ಚರ ತಪ್ಪಿತು. ಸರಕಿನ ರೈಲುಬಂಡಿಯಲ್ಲಿ ಬರ್ಲಿನ್ನಿಗೆ ಸಾಗಿಸಿ, ಮರುದಿನ ಬೆಳಿಗ್ಗೆ ಆ ಕಾಲದ ಪ್ರಖ್ಯಾತ ಶಸ್ತ್ರವೈದ್ಯ ಎರ್ನ್‌ಸ್ಟ್ ಫಾನ್ ಬೆರ್ಗ್‌ಮನ್ನನ ಆಸ್ಪತ್ರೆಗೆ ಸೇರಿಸಿದರು. ಆಗಸ್ಟ್ 10ರಂದು ಅಲ್ಲಿಯೇ ಪ್ರಾಣ ಹೋಯಿತು. ವಯಸ್ಸು 48. ಆಗ್ನೆಸ್ ನಾಲ್ಕು ಮಕ್ಕಳೊಡನೆ ಉಳಿದಳು.

ಬಲಿದಾನಗಳು ಅನಿವಾರ್ಯವೆಂಬ ಅರ್ಥದ ಮಾತೊಂದನ್ನು ಅವನ ಕೊನೆಯ ನುಡಿಯೆಂದು ಸಾರಿ, ಅದನ್ನು ಬರ್ಲಿನ್ನಿನ ಲಾಂಕ್‌ವಿಟ್ಸ್ ಸ್ಮಶಾನದಲ್ಲಿರುವ ಅವನ ಗೋರಿಯ ಮೇಲೂ ಕೆತ್ತಿಸಿದರು. ಸಾಯುವ ಹೊತ್ತಿನಲ್ಲಿ ಅವನು ಹಾಗೆ ನುಡಿದನೆಂಬುದನ್ನು ಚರಿತ್ರಕಾರರು ನಂಬುವುದಿಲ್ಲ. ಸ್ವಲ್ಪ ಮಲಗಿ ಏಳುತ್ತೇನೆಂದುಕೊಂಡವನು ಬಲಿದಾನದ ಮಾತನ್ನಾಡುವುದುಂಟೆ? ಗೋರಿಯ ಮೇಲೆ ಆ ಮಾತು ಗಂಭೀರವಾಗಿ ಕಾಣಬಹುದು. ಆದರೆ ಅದು ಲಿಲಿಯೆಂಟಾಲನ ಜೀವನದ ದಿಕ್ಕಿಗೆ ನೇರವಾಗಿ ಎದುರು ನಿಲ್ಲುತ್ತದೆ. ಬಾಯ್ಲರು ಬಿರಿದಾಗ ಕೂಲಿಕಾರನು ಸಾಯಬಾರದೆಂದು ಕೊಳವೆ ಸುತ್ತಿದವನು, ಗಿರಾಕಿಯ ಕುತ್ತಿಗೆಯ ಚಿಂತೆ ಮಾಡಿದವನು, ತನ್ನ ತಲೆಯ ಮುಂದೆ ಬಿಲ್ಲು ಕಟ್ಟಿಕೊಂಡವನು ಬಲಿಯನ್ನು ಬಯಸಿದವನಲ್ಲ. ಅವನ ಸಾವನ್ನು ಬಲಿದಾನವೆಂದು ಪೂಜಿಸುವುದು ಸುಲಭ. ಅಂದು ಆ ಬಿಲ್ಲು ಇದ್ದಿದ್ದರೆ ಏನಾಗುತ್ತಿತ್ತು ಎಂದು ಕೇಳುವುದು ಕಷ್ಟ. ಆದರೆ ಅವನ ಶಿಷ್ಯರೆನಿಸಿಕೊಳ್ಳುವವರು ಕೇಳಬೇಕಾಗಿದ್ದುದು ಅದನ್ನೇ.

ಕೆಲವರು ಕೇಳಿದರು, ಕೆಲವರು ಕೇಳಲಿಲ್ಲ. ಪರ್ಸಿ ಪಿಲ್ಚರ್ 1899ರ ಸೆಪ್ಟೆಂಬರ್ 30ರಂದು ಇಂಗ್ಲೆಂಡಿನಲ್ಲಿ ತನ್ನದೇ ಗ್ಲೈಡರಿನ ಬಾಲ ಮುರಿದು ಬಿದ್ದು ಎರಡು ದಿನಗಳ ಅನಂತರ ಮಡಿದನು. ಅಮೆರಿಕದಲ್ಲಿ ಸೈಕಲ್ ಅಂಗಡಿಯ ಸಹೋದರರಾದ ವಿಲ್ಬರ್ ಮತ್ತು ಆರ್ವಿಲ್ ರೈಟ್ ಲಿಲಿಯೆಂಟಾಲನ ಮರಣವಾರ್ತೆಯನ್ನು ಓದಿಯೇ ಹಾರಾಟದತ್ತ ಗಂಭೀರವಾಗಿ ತಿರುಗಿದರು. ಐದು ವರ್ಷಗಳಲ್ಲಿ ಅವನು ಗಾಳಿಯಲ್ಲಿ ಕಳೆದ ಒಟ್ಟು ಸಮಯ ಐದು ಗಂಟೆಗಳಷ್ಟೇ ಎಂದು ಲೆಕ್ಕ ಹಾಕಿ, ಅಷ್ಟರಲ್ಲಿ ಅವನು ಅಷ್ಟೊಂದು ಸಾಧಿಸಿದ್ದೇ ಸೋಜಿಗವೆಂದು ವಿಲ್ಬರ್ ಬೆರಗಾದನು. ಅವರು ತಮ್ಮ ಗ್ಲೈಡರಿನ ಚುಕ್ಕಾಣಿಯನ್ನು ರೆಕ್ಕೆಯ ಮುಂದೆ ಇಟ್ಟುದಕ್ಕೆ ಲಿಲಿಯೆಂಟಾಲನನ್ನು ಕೊಂದ ಮೂತಿಬೀಳಿನ ಭಯವೂ ಒಂದು ಕಾರಣ. 1901ರ ಬೇಸಗೆಯಲ್ಲಿ ಅವರ ಗ್ಲೈಡರು ಗಾಳಿಯಲ್ಲಿ ಹಾಗೆಯೇ ಸ್ತಬ್ಧವಾಗಿ ನಿಂತಾಗ, ಮೂತಿಗುದ್ದದೆ ಚಪ್ಪಟೆಯಾಗಿ ಮರಳಿನ ಮೇಲೆ ಇಳಿಯಿತು, ವಿಲ್ಬರನಿಗೆ ಗಾಯವಾಗಲಿಲ್ಲ. ಅವರು ಹಾರಲು ಆರಿಸಿಕೊಂಡ ಕಿಟಿ ಹಾಕ್ ಮರಳುಗಾಡು ಬಲವಾದ ಗಾಳಿಗಾಗಿ ಮಾತ್ರವಲ್ಲ, ಮೆತ್ತನೆಯ ನೆಲಕ್ಕಾಗಿಯೂ ಒಳ್ಳೆಯ ಆಯ್ಕೆಯೇ. ಆದರೆ 1908ರ ಸೆಪ್ಟೆಂಬರ್ 17ರಂದು ಆರ್ವಿಲ್ ನಡೆಸುತ್ತಿದ್ದ ವಿಮಾನ ಬಿದ್ದು, ಜೊತೆಯಲ್ಲಿದ್ದ ಲೆಫ್ಟಿನೆಂಟ್ ಥಾಮಸ್ ಸೆಲ್ಫ್ರಿಜ್ ತಲೆಬುರುಡೆ ಒಡೆದು ಸತ್ತನು. ಅಮೆರಿಕದ ಸೈನ್ಯ ತನ್ನ ಹಾರಾಟಗಾರರ ತಲೆಗೆ ಶಿರಸ್ತ್ರಾಣ ತೊಡಿಸಿದ್ದು ಅನಂತರ.

ಲಿಲಿಯೆಂಟಾಲನ ಬಿಲ್ಲಿನ ಹಿಂದಿದ್ದ ಪ್ರಶ್ನೆ ಶಾಸ್ತ್ರವಾಗಲು ಇನ್ನೂ ಅರ್ಧ ಶತಮಾನ ಬೇಕಾಯಿತು. 1917ರಲ್ಲಿ ತರಬೇತಿಯ ವೇಳೆ ವಿಮಾನ ಬಿದ್ದು ಬದುಕಿದ ಹ್ಯೂ ಡಿಹೇವನ್ ಎಂಬಾತ, ತನ್ನ ಒಳಗಾಯಗಳಿಗೆ ಸೊಂಟದ ಪಟ್ಟಿಯ ಚೂಪಾದ ಕೊಂಡಿಯೇ ಕಾರಣವೆಂದು ಕಂಡುಕೊಂಡು, ಮೊಟ್ಟೆಗಳನ್ನು ಎತ್ತರದಿಂದ ಬೀಳಿಸಿ ನೋಡುತ್ತ, ಬಹುಮಹಡಿಯ ಎತ್ತರದಿಂದ ಬಿದ್ದು ಉಳಿದವರ ಚರಿತ್ರೆ ಸಂಗ್ರಹಿಸುತ್ತ, 1942ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅಪಘಾತಗಾಯಗಳ ಸಂಶೋಧನೆಯನ್ನು ಸ್ಥಾಪಿಸಿದನು. 1954ರಲ್ಲಿ ಜಾನ್ ಸ್ಟ್ಯಾಪ್ ಎಂಬ ಸೈನ್ಯದ ವೈದ್ಯ ತನ್ನನ್ನೇ ರಾಕೆಟ್ ಬಂಡಿಗೆ ಬಿಗಿದುಕೊಂಡು, ತೂಕದ 46 ಪಟ್ಟು ಬಲವನ್ನು ತಡೆದು ಬದುಕಿ ತೋರಿಸಿದನು. ಪೈರಿಗೆ ಔಷಧ ಸಿಂಪಡಿಸುವ ವಿಮಾನವೊಂದನ್ನು 1950ರಲ್ಲಿ ಫ್ರೆಡ್ ವೈಕ್ ರೂಪಿಸಿದಾಗ, ಚಾಲಕನನ್ನು ಔಷಧದ ತೊಟ್ಟಿಯ ಹಿಂದೆ ಕೂರಿಸಿ, ಮುಂಭಾಗವೆಲ್ಲ ಮೊದಲು ಮುದುಡಿ ಅವನು ಉಳಿಯುವಂತೆ ಮಾಡಿದನು. ಲಿಲಿಯೆಂಟಾಲನಂತೆ ಮನೆಯಲ್ಲಿಯೇ ವಿಮಾನ ಕಟ್ಟಿಕೊಳ್ಳುವವರ ಸಂಘ 1953ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಹುಟ್ಟಿ, ಇಂದು ಸಾವಿರಾರು ಸಣ್ಣ ವಿಮಾನಗಳು ಹೀಗೆ ಕಟ್ಟಿದವೇ ಆಗಿವೆ. ಅವುಗಳ ಪ್ರಾಣಾಂತಿಕ ಅಪಘಾತಗಳಿಗೆ ದೊಡ್ಡ ಕಾರಣ ಇಂದಿಗೂ ನಿಯಂತ್ರಣ ತಪ್ಪುವುದೇ. 2012ರಲ್ಲಿ ಆ ದೇಶದ ಸಾರಿಗೆ ಸುರಕ್ಷಾ ಮಂಡಳಿ ನಡೆಸಿದ ಅಧ್ಯಯನ, ಕಟ್ಟಿದವನ ಮೊದಲ ಹಾರಾಟಗಳಲ್ಲಿಯೂ ಕೊಂಡವನ ಮೊದಲ ಹಾರಾಟದಲ್ಲಿಯೂ ಅಪಾಯ ವಿಶೇಷವಾಗಿರುವುದನ್ನು ಎತ್ತಿ ತೋರಿಸಿತು. ವೋಲ್ಫ್‌ಮ್ಯುಲರನಿಗೆ ಹೋದ ಆ ಪತ್ರದ ಎಚ್ಚರಿಕೆ ಹೀಗೆ ನೂರು ವರ್ಷ ದಾಟಿಯೂ ಹಳತಾಗಲಿಲ್ಲ.

ಅವನ ಗ್ಲೈಡರೇ ದೋಷಯುಕ್ತವಾಗಿತ್ತೆಂದು ಬಹುಕಾಲ ಹೇಳುತ್ತ ಬಂದಿದ್ದರು. 2016ರಲ್ಲಿ ಆಂಕ್ಲಾಮಿನ ಲಿಲಿಯೆಂಟಾಲ್ ವಸ್ತುಸಂಗ್ರಹಾಲಯದವರು ವಿಲೋ ಕಡ್ಡಿ, ಹತ್ತಿಬಟ್ಟೆಗಳಿಂದ ಅದೇ ಅಳತೆಯ ಪ್ರತಿಕೃತಿಯನ್ನು ಕಟ್ಟಿಕೊಟ್ಟರು. ಜರ್ಮನಿಯ ವಿಮಾನ-ಅಂತರಿಕ್ಷ ಸಂಶೋಧನ ಕೇಂದ್ರದವರು ಅದನ್ನು ದೊಡ್ಡ ಗಾಳಿಸುರಂಗದಲ್ಲಿಟ್ಟು ಪರೀಕ್ಷಿಸಿದರು. ಸಾಧಾರಣ ಸ್ಥಿತಿಯಲ್ಲಿ ಅದು ಸ್ಥಿರವಾಗಿಯೇ ಹಾರುವ ಯಂತ್ರವೆಂದು ತಿಳಿದುಬಂದಿತು. ದೋಷವಿದ್ದುದು ರೆಕ್ಕೆಯಲ್ಲಲ್ಲ; ಗಾಳಿಯ ಹಠಾತ್ ಏಟಿಗೆ ಸಿಕ್ಕಾಗ ಸರಿಪಡಿಸಿಕೊಳ್ಳಲು ಅವನ ಅರ್ಧ ದೇಹದ ತೂಕ ಸಾಲದೆ ಹೋಗಿದ್ದರಲ್ಲಿ.

ಬರ್ಲಿನ್ನಿನ ಟೇಗೆಲ್ ವಿಮಾನ ನಿಲ್ದಾಣಕ್ಕೆ 1988ರಲ್ಲಿ ಅವನ ಹೆಸರನ್ನಿಟ್ಟರು. 2020ರಲ್ಲಿ ಆ ನಿಲ್ದಾಣ ಮುಚ್ಚಿತು. ಅವನು ಬಿದ್ದ ಗೊಲೆನ್‌ಬೆರ್ಗಿನ ಬುಡದಲ್ಲಿ ಬೇರೊಂದು ಸ್ಮಾರಕವಿದೆ. 1989ರ ಅಕ್ಟೋಬರ್ 23ರಂದು, ಆಗಿನ ಪೂರ್ವ ಜರ್ಮನಿಯ ವಿಮಾನ ಸಂಸ್ಥೆಯ ನಾಲ್ಕು ಜೆಟ್ ಎಂಜಿನುಗಳ ಭಾರಿ ಇಲ್ಯೂಷಿನ್-62 ವಿಮಾನವೊಂದನ್ನು ಅದರ ಚಾಲಕರು ಹಳ್ಳಿಯ ಹುಲ್ಲು ಮೈದಾನದಲ್ಲಿ, ಕಿಲೋಮೀಟರಿಗಿಂತ ಕಡಮೆ ಉದ್ದದ ಪಟ್ಟಿಯ ಮೇಲೆ, ಒಂದು ಗೀರೂ ಬೀಳದಂತೆ ಇಳಿಸಿದರು. ಅದು ಮತ್ತೆ ಮೇಲೇಳಲಿಲ್ಲ. ಅಲ್ಲಿಯೇ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಅದಕ್ಕೆ ಇಟ್ಟ ಹೆಸರು ಲಿಲಿಯೆಂಟಾಲನದಲ್ಲ, ಅವನ ಹೆಂಡತಿಯದು: ಲೇಡಿ ಆಗ್ನೆಸ್.